ಪವಿತ್ರ ಗ್ರಂಥದಲ್ಲಿ ದ್ರಾಕ್ಷಾರಸ ಮತ್ತು ನಮ್ಮ ಮದ್ಯಪಾನ

(ಶತಮಾನೋತ್ಸವದ ಉಪನ್ಯಾಸಮಾಲೆಯ ಅಂಗವಾಗಿ ಭದ್ರಾವತಿಯಲ್ಲಿ ನಮ್ಮ ಧರ್ಮಕೇಂದ್ರದ ಸಭಾಭವನದಲ್ಲಿ ಮಾಡಿದ ಭಾಷಣದ ಪಾಠ)



ಶತಮಾನೋತ್ಸವ ಸಮಿತಿಯವರು ಉಪನ್ಯಾಸಗಳಿಗೆ ವಿಷಯಗಳನ್ನು ಗೊತ್ತುಮಾಡುವಾಗ ಈ ವಿಷಯವು ಪಟ್ಟಿಯ ಕೊನೆಯಲ್ಲಿತ್ತು. ಅದನ್ನು ಓದಿದ ಕೂಡಲೇ ಕೆಲವರು ಮುಗುಳ್ನಕ್ಕರು; ಒಬ್ಬರಂತೂ, "ಇದಕ್ಕೆ ಅನುಭವಸ್ಥರನ್ನೇ ಕರೆಸಬೇಕು" ಎಂದು ಹಾಸ್ಯ ಮಾಡಿದರು. ನಾನೂ ನಕ್ಕೆ. ಅನಂತರ, ಯಾರೂ ಮುಂದೆ ಬಾರದಿದ್ದುದರಿಂದ, ಇದನ್ನು ನನಗೇ ಕೊಡಿರೆಂದು ಕೇಳಿಕೊಂಡೆ. ನಾನು ದೈವಶಾಸ್ತ್ರ ಪಂಡಿತನಲ್ಲ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನು. ಆದರೆ ಈ ಒಂದು ಪ್ರಶ್ನೆಯನ್ನು ಬಾಲ್ಯದಿಂದಲೂ ಹೊತ್ತುಕೊಂಡು ಬಂದಿದ್ದೇನೆ.

ನನ್ನ ತಂದೆಯವರು ಇಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದವರು. ಭಾನುವಾರದ ಬಲಿಪೂಜೆಯನ್ನು ತಪ್ಪಿಸಿದವರಲ್ಲ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಮೃದು. ಬಟವಾಡೆಯ ದಿನ ಮಾತ್ರ ಅವರು ಬೇರೆಯೇ ಮನುಷ್ಯರಾಗುತ್ತಿದ್ದರು. ಆ ದಿನ ಸಂಜೆ ಪಾಳಿ ಬಿಡುವ ಹೊತ್ತಿಗೆ ತಾಯಿಯವರು ನನ್ನನ್ನು ಕಾರ್ಖಾನೆಯ ಬಾಗಿಲಿಗೆ ಕಳುಹಿಸುತ್ತಿದ್ದರು. ಮಗನ ಮುಖ ಕಂಡರೆ ನೇರವಾಗಿ ಮನೆಗೆ ಬಂದಾರು ಎಂಬ ಆಸೆ. ಕೆಲವು ಸಲ ಬರುತ್ತಿದ್ದರು. ಬಾರದ ದಿನ ನಾನು ಗಡಂಗಿನ ಹೊರಗೆ ಕಟ್ಟೆಯ ಮೇಲೆ ಕುಳಿತು ಮಗ್ಗಿ ಹೇಳಿಕೊಳ್ಳುತ್ತಿದ್ದೆ. ಮನೆಗೆ ಬಂದ ಮೇಲೆ ತಾಯಿಯವರು ಎದುರು ಮಾತನಾಡಿದರೆ ತಂದೆಯವರ ಬಳಿ ಒಂದು ಉತ್ತರ ಸಿದ್ಧವಾಗಿರುತ್ತಿತ್ತು: "ಕಾನಾ ಊರಿನ ಮದುವೆಯಲ್ಲಿ ಯೇಸುಸ್ವಾಮಿ ನೀರನ್ನು ಏನು ಮಾಡಿದರು? ಮಜ್ಜಿಗೆ ಮಾಡಿದರೇನು?" ತಾಯಿಯವರಿಗೆ ಓದು ಬರುತ್ತಿರಲಿಲ್ಲ. ಉತ್ತರ ತೋಚದೆ ಜಪಸರ ಹಿಡಿದು ಮೂಲೆಯಲ್ಲಿ ಕುಳಿತುಬಿಡುತ್ತಿದ್ದರು.

ಈ ಮಾತು ನಮ್ಮ ಮನೆಯೊಂದರದೇ ಆಗಿದ್ದರೆ ನಿಮ್ಮ ಮುಂದೆ ತರುತ್ತಿರಲಿಲ್ಲ. ನಮ್ಮ ಹಿಂದೂ ಮುಸ್ಲಿಂ ಸ್ನೇಹಿತರು ಎಷ್ಟೋ ಸಲ ಸಹಜವಾಗಿಯೇ ಕೇಳುತ್ತಾರೆ, "ನಿಮ್ಮ ಧರ್ಮದಲ್ಲಿ ಕುಡಿಯುವುದಕ್ಕೆ ಅಡ್ಡಿಯಿಲ್ಲವಲ್ಲ?" ಎಂದು. ಚಲನಚಿತ್ರಗಳಲ್ಲಿ ಕ್ರೈಸ್ತ ಪಾತ್ರವೆಂದರೆ ಕೈಯಲ್ಲೊಂದು ಸೀಸೆ. ಇದನ್ನು ಕಂಡು ನಮಗೆ ಸಿಟ್ಟು ಬರುತ್ತದೆ. ಆದರೆ ನಮ್ಮ ಮದುವೆ ಮನೆಗಳಿಗೆ ಬಂದ ಅತಿಥಿ ಆ ಅಭಿಪ್ರಾಯವನ್ನು ಬದಲಾಯಿಸಿಕೊಂಡು ಹೋಗುತ್ತಾನೆಯೇ ಎಂದು ಯೋಚಿಸಬೇಕಾಗಿದೆ. ಆದುದರಿಂದ ಪವಿತ್ರ ಗ್ರಂಥವು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ಮೊದಲು ಪ್ರಾಮಾಣಿಕವಾಗಿ ನೋಡೋಣ.

ನಮ್ಮ ಮೊದಲನೆಯ ತೊಡಕು ಭಾಷೆಯದು. ಕನ್ನಡ ಬೈಬಲ್ಲಿನಲ್ಲಿಯೂ ಬಲಿಪೂಜೆಯ ಪ್ರಾರ್ಥನೆಗಳಲ್ಲಿಯೂ ನಾವು ಕೇಳುವ ಪದ 'ದ್ರಾಕ್ಷಾರಸ'. ಕಬ್ಬಿನ ರಸ, ಕಿತ್ತಳೆ ರಸ ಎಂಬಂತೆ ಇದೂ ಹಣ್ಣನ್ನು ಹಿಂಡಿ ತೆಗೆದ ಸಿಹಿ ಪಾನೀಯವೆಂದೇ ಮಕ್ಕಳು ಭಾವಿಸುತ್ತಾರೆ. ನಾನೂ ಹಾಗೆಯೇ ಭಾವಿಸಿದ್ದೆ. ಮೂಲ ಹೀಬ್ರೂ ಭಾಷೆಯಲ್ಲಿ ಇದಕ್ಕೆ ಹಲವು ಪದಗಳುಂಟು. 'ಯಾಯಿನ್' ಎಂದರೆ ಹುಳಿಯಿಸಿದ ದ್ರಾಕ್ಷಾಮದ್ಯ. 'ತೀರೋಶ್' ಎಂದರೆ ಹೊಸ ಸುಗ್ಗಿಯ ರಸ. 'ಶೇಖಾರ್' ಎಂದರೆ ಧಾನ್ಯ, ಖರ್ಜೂರ ಮುಂತಾದುವುಗಳಿಂದ ಹುಳಿಯಿಸಿದ ಅಮಲಿನ ಪಾನೀಯ. ಗ್ರೀಕಿನಲ್ಲಿ ಬರೆದ ಹೊಸ ಒಡಂಬಡಿಕೆಯಲ್ಲಿ ಸಾಮಾನ್ಯವಾಗಿ ಬರುವ ಪದ 'ಒಯ್ನೋಸ್'. ಕಾನಾ ಊರಿನಲ್ಲಿದ್ದುದೂ ಅದೇ. ಮದ್ಯದಿಂದ ಮತ್ತರಾಗಬೇಡಿರೆಂದು ಎಫೆಸದವರಿಗೆ ಸಂತ ಪೌಲರು ಬುದ್ಧಿ ಹೇಳುವಾಗ ಬಳಸಿದುದೂ ಅದೇ.

ಕೆಲವು ಪಂಗಡಗಳ ಬೋಧಕರು ಬೈಬಲ್ಲಿನಲ್ಲಿ ಒಳ್ಳೆಯ ಅರ್ಥದಲ್ಲಿ ಬಂದಲ್ಲೆಲ್ಲ ಅದು ಹುಳಿಯದ ರಸವೇ ಎಂದು ವಾದಿಸುತ್ತಾರೆ. ಅವರ ಉದ್ದೇಶವನ್ನು ನಾನು ಗೌರವಿಸುತ್ತೇನೆ, ವಾದವನ್ನು ಒಪ್ಪಲಾರೆ. ಪ್ಯಾಲೆಸ್ತೀನಿನಲ್ಲಿ ದ್ರಾಕ್ಷಿಯ ಸುಗ್ಗಿ ಬೇಸಿಗೆಯ ಕೊನೆಗೆ. ಪಾಸ್ಖ ಹಬ್ಬ ವಸಂತಕಾಲಕ್ಕೆ. ಆ ಬಿಸಿಲಿನ ನಾಡಿನಲ್ಲಿ ಹಿಂಡಿದ ರಸ ಅಷ್ಟು ತಿಂಗಳು ಹುಳಿಯದೆ ನಿಲ್ಲುವುದು ಹೇಗೆ? ಹುಳಿಯದಂತೆ ಕಾಯಿಸಿ ಸೀಸೆಯಲ್ಲಿ ಮುಚ್ಚಿಡುವ ಉಪಾಯವನ್ನು ಪ್ರಭುಭೋಜನದ ಸಲುವಾಗಿಯೇ ಬಳಕೆಗೆ ತಂದವರು ಅಮೆರಿಕೆಯ ಮೆಥೊಡಿಸ್ಟ್ ಪಂಥದ ಥಾಮಸ್ ವೆಲ್ಚ್; ಅದು 1869ರಲ್ಲಿ. ಇಂದಿಗೂ ಅನೇಕ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಅಂಥ ರಸವೇ ಬಳಕೆಯಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಸೀಸೆಯನ್ನು ಮೊದಲನೆಯ ಶತಮಾನದ ಮೇಜಿನ ಮೇಲೆ ಇಡುವುದು ಸರಿಯಲ್ಲ. ತಂದೆಯವರ ಪ್ರಶ್ನೆಯ ಅರ್ಧಭಾಗ ಹೀಗೆ ಗೆದ್ದಿತು: ಯೇಸುಸ್ವಾಮಿ ಮಾಡಿದ್ದು ಮಜ್ಜಿಗೆಯಲ್ಲ, ಷರಬತ್ತೂ ಅಲ್ಲ.

ಇಸ್ರಯೇಲರ ಬದುಕಿನಲ್ಲಿ ರೊಟ್ಟಿ, ಎಣ್ಣೆ, ದ್ರಾಕ್ಷಾರಸ ಇವು ಮೂರು ನಮ್ಮಲ್ಲಿ ಅನ್ನ, ತುಪ್ಪ, ಮೊಸರು ಇರುವ ಹಾಗೆ ಇದ್ದವು. ಯಾಜಕ ಮೆಲ್ಕಿಸೆದೇಕನು ಅಬ್ರಹಾಮನನ್ನು ಎದುರುಗೊಂಡದ್ದು ರೊಟ್ಟಿ ಮತ್ತು ದ್ರಾಕ್ಷಾರಸದೊಡನೆ. ಮನುಷ್ಯನ ಹೃದಯವನ್ನು ಹಿಗ್ಗಿಸುವ ದ್ರಾಕ್ಷಾರಸವನ್ನು ಕೀರ್ತನಕಾರನು ದೇವರ ವರಗಳ ಸಾಲಿನಲ್ಲಿ ಎಣಿಸುತ್ತಾನೆ. ದಯಾಳುವಾದ ಸಮಾರಿಯದವನು ಗಾಯಾಳುವಿನ ಗಾಯಕ್ಕೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದನು. ಆದರೆ ಆ ಕಾಲದ ಜನರು ಇದನ್ನು ಹೆಚ್ಚಾಗಿ ನೀರು ಬೆರೆಸಿ ಕುಡಿಯುತ್ತಿದ್ದರೆಂಬುದನ್ನು ಮರೆಯಬಾರದು. ಕಥೋಲಿಕರಾದ ನಮ್ಮ ಬೈಬಲ್ಲಿನಲ್ಲಿರುವ ಮಕ್ಕಬಿಯರ ಎರಡನೆಯ ಗ್ರಂಥವು ಮುಗಿಯುವುದೇ ಈ ಹೋಲಿಕೆಯಿಂದ: ಬರೀ ದ್ರಾಕ್ಷಾರಸವೂ ಹಿತವಲ್ಲ, ಬರೀ ನೀರೂ ಹಿತವಲ್ಲ, ಎರಡೂ ಬೆರೆತಾಗ ರುಚಿ ಎಂದು ಅದರ ಲೇಖಕನು ತನ್ನ ಬರವಣಿಗೆಯ ಹದವನ್ನು ವಿವರಿಸುತ್ತಾನೆ. ಬಲಿಪೂಜೆಯಲ್ಲಿ ಗುರುಗಳು ಪಾನಪಾತ್ರೆಗೆ ಒಂದೆರಡು ಹನಿ ನೀರು ಬೆರೆಸುವುದರ ಹಿಂದೆಯೂ ಆ ಹಳೆಯ ರೂಢಿಯಿದೆ. ಅದರ ಆಧ್ಯಾತ್ಮಿಕ ಅರ್ಥ ಬೇರೆ.

ಇಲ್ಲಿ ಒಂದು ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನಮ್ಮ ಊರಿಗೂ ಅದಕ್ಕೂ ನಂಟಿದೆ. ಹಣ್ಣಿನ ರಸ ತಾನಾಗಿ ಹುಳಿತರೆ ಅದರಲ್ಲಿ ಮದ್ಯಸಾರ ನೂರಕ್ಕೆ ಹನ್ನೆರಡು ಹದಿನೈದು ಭಾಗಕ್ಕಿಂತ ಹೆಚ್ಚಾಗುವುದು ಕಷ್ಟ. ಅಷ್ಟರಲ್ಲಿ ಹುಳಿಯಿಸುವ ಜೀವಾಣುಗಳೇ ಸಾಯುತ್ತವೆ. ಮಲೆನಾಡಿನ ಬಗನಿ ಕಳ್ಳು ಕುವೆಂಪು ಅವರ ಕಾದಂಬರಿಗಳನ್ನು ಓದಿದವರಿಗೆಲ್ಲ ಪರಿಚಿತ. ಅದು ಇನ್ನೂ ತೆಳು. ಬಟ್ಟಿ ಇಳಿಸಿ ಮದ್ಯಸಾರವನ್ನು ಬೇರ್ಪಡಿಸುವ ವಿದ್ಯೆ ಯೂರೋಪಿನಲ್ಲಿ ಹರಡಿದ್ದು 12ನೆಯ ಶತಮಾನದ ಸುಮಾರಿಗೆ. ಎಂದರೆ ವಿಸ್ಕಿ, ಬ್ರಾಂದಿ, ರಮ್ಮು, ಸಾರಾಯಿ ಇವಾವುವೂ ಪ್ರವಾದಿಗಳಿಗಾಗಲಿ ಪ್ರೇಷಿತರಿಗಾಗಲಿ ತಿಳಿದಿರಲಿಲ್ಲ. ಇಂದು ನಮ್ಮ ಅಂಗಡಿಗಳಲ್ಲಿ ದೊರೆಯುವ ವಿಸ್ಕಿ, ರಮ್ಮಿನ ಸೀಸೆಗಳ ಮೇಲೆ ನೂರಕ್ಕೆ 42.8 ಭಾಗ ಮದ್ಯಸಾರವೆಂದು ಸಾಮಾನ್ಯವಾಗಿ ಅಚ್ಚಾಗಿರುತ್ತದೆ. ಬೈಬಲ್ ಕಾಲದ ನೀರು ಬೆರೆಸಿದ ಪಾತ್ರೆಯೊಂದರ ಹೆಸರು ಹೇಳಿ ಇದನ್ನು ಕುಡಿಯುವುದು, ಎತ್ತಿನ ಗಾಡಿಯ ಪರವಾನಗಿಯಿಂದ ಲಾರಿ ಓಡಿಸಿದಂತೆ.

ಒಂದು ಕಾಲಕ್ಕೆ ಬೆಂಕಿಪುರವೆನಿಸಿದ್ದ ಈ ಊರಿಗೆ ಬಟ್ಟಿ ಇಳಿಸುವುದು ಹೊಸ ಮಾತಲ್ಲ. 1923ರಲ್ಲಿ ಇಲ್ಲಿನ ಕುಲುಮೆ ಹೊತ್ತಿಕೊಂಡಾಗ ಅದಕ್ಕೆ ಉರುವಲು ಕಲ್ಲಿದ್ದಲಾಗಿರಲಿಲ್ಲ. ಮಲೆನಾಡಿನ ಕಾಡಿನ ಸೌದೆಯಿಂದ ಮಾಡಿದ ಇದ್ದಿಲು. ಸೌದೆಯನ್ನು ಗಾಳಿಯಾಡದಂತೆ ಮುಚ್ಚಿ ಕಾಯಿಸಿ ಇದ್ದಿಲು ಮಾಡುವಾಗ ಹೊರಟ ಆವಿಯನ್ನು ತಣಿಸಿ ಡಾಂಬರು, ಅಸಿಟೇಟು ಮತ್ತು ಮರದ ಮದ್ಯಸಾರವನ್ನು ತೆಗೆಯುತ್ತಿದ್ದರು. ಈ ಮರದ ಮದ್ಯಸಾರಕ್ಕೆ ಮೆಥನಾಲ್ ಎಂದು ಹೆಸರು. ನೋಡಲಿಕ್ಕೆ ಕುಡಿಯುವ ಮದ್ಯಸಾರದ ಹಾಗೆಯೇ ತಿಳಿ. ಕಾರ್ಖಾನೆಗೆ ಅದು ಉಪಯುಕ್ತ ವಸ್ತು. ಮನುಷ್ಯನ ಹೊಟ್ಟೆಗೆ ಹೋದರೆ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಮೊದಲು ಕಣ್ಣು, ಅನಂತರ ಪ್ರಾಣವನ್ನು ತೆಗೆಯುತ್ತದೆ. "ಇದೊಂದು ಮದ್ಯ, ಅದೊಂದು ಮದ್ಯ, ಹೆಸರು ಒಂದಾದರೂ ಬೇರೆ ಬೇರೆ ತಿಳಿದುಕೋ" ಎಂದು ತಂದೆಯವರೇ ನನಗೆ ಹೇಳಿದ್ದರು. 1981ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. 2008ರ ಮೇ ತಿಂಗಳಿನಲ್ಲಿ ಕರ್ನಾಟಕದಲ್ಲಿಯೂ ನೆರೆಯ ತಮಿಳುನಾಡಿನಲ್ಲಿಯೂ ಅದೇ ವಿಷ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಸತ್ತವರಲ್ಲಿ ಹೆಚ್ಚಿನವರು ಕೂಲಿಕಾರರು. ಅವರಲ್ಲಿ ಯಾರೂ ಕಾನಾ ಊರಿನ ಮದುವೆಯಿಂದ ಬಂದವರಲ್ಲ.

ಈಗ ಹಳೆಯ ಒಡಂಬಡಿಕೆಯ ಇನ್ನೊಂದು ದನಿಯನ್ನು ಕೇಳೋಣ. ಜಲಪ್ರಳಯದಿಂದ ಪಾರಾದ ಪುಣ್ಯಪುರುಷ ನೋವ ಮೊದಲ ದ್ರಾಕ್ಷಿತೋಟವನ್ನು ನೆಟ್ಟನು; ಮೊದಲ ಅಮಲೂ ಅವನದೇ, ಮಕ್ಕಳ ಮುಂದೆ ಬೆತ್ತಲಾದ ಮೊದಲ ತಂದೆಯೂ ಅವನೇ. ಲೋಟನ ಕಥೆಯನ್ನು ಸ್ತ್ರೀಯರೂ ಮಕ್ಕಳೂ ಇರುವ ಈ ಸಭೆಯಲ್ಲಿ ನಾನು ಹೇಳುವುದಿಲ್ಲ. ಜ್ಞಾನೋಕ್ತಿಗಳ ಇಪ್ಪತ್ತಮೂರನೆಯ ಅಧ್ಯಾಯದಲ್ಲಿ ಕುಡುಕನ ಕೆಂಪು ಕಣ್ಣು, ಕಾರಣವಿಲ್ಲದ ಗಾಯ, ಹಡಗಿನ ಕಂಬದ ಮೇಲೆ ಮಲಗಿದಂಥ ತೂಗಾಟ, ಎಚ್ಚೆತ್ತ ಕೂಡಲೇ ಮತ್ತೆ ಹುಡುಕಾಟ ಇವುಗಳ ವರ್ಣನೆಯನ್ನು ಓದಿ ನೋಡಿ. ಇಂದಿನ ವೈದ್ಯರು ವ್ಯಸನದ ಲಕ್ಷಣವೆಂದು ಹೇಳುವುದೆಲ್ಲ ಅಲ್ಲಿದೆ. ಸಿರಾಖನ ಗ್ರಂಥವಂತೂ ಎರಡೂ ಮುಖಗಳನ್ನು ಒಂದೆಡೆಯೇ ಇಟ್ಟಿದೆ: ಹಿತಮಿತವಾಗಿ ಕುಡಿದರೆ ಆನಂದ, ಮಿತಿಮೀರಿದರೆ ಕಹಿ ಮತ್ತು ಜಗಳ.

ಆದರೆ ಪ್ರವಾದಿಗಳ ಸಿಟ್ಟು ಕೇವಲ ಅಮಲಿನ ಮೇಲಲ್ಲ. ಇದನ್ನು ನಾನು ತಡವಾಗಿ ಕಂಡುಕೊಂಡೆ. ಬೆಳಗಾಗುತ್ತಲೇ ಮದ್ಯವನ್ನು ಹುಡುಕಿಕೊಂಡು ಹೋಗುವವರಿಗೆ ಧಿಕ್ಕಾರ ಹೇಳುವ ಯೆಶಾಯನು ಅದಕ್ಕೆ ಮುಂಚೆ ಧಿಕ್ಕಾರ ಹೇಳಿದ್ದು ಮನೆಗೆ ಮನೆ, ಹೊಲಕ್ಕೆ ಹೊಲ ಸೇರಿಸಿಕೊಂಡು ಬಡವನಿಗೆ ನೆಲವಿಲ್ಲದಂತೆ ಮಾಡುವವರಿಗೆ. ಆಮೋಸನು ಬಯ್ಯುವುದು, ದಂಡವಾಗಿ ವಸೂಲು ಮಾಡಿದ ದ್ರಾಕ್ಷಾರಸವನ್ನು ದೇವರ ಆಲಯದಲ್ಲಿಯೇ ಕುಡಿಯುವವರನ್ನು. ಬೋಗುಣಿಗಟ್ಟಲೆ ಕುಡಿಯುತ್ತ ತಮ್ಮ ಜನರ ನಾಶಕ್ಕೆ ಮರುಗದವರನ್ನು. ಅರಸರಿಗೆ ಮದ್ಯ ತಕ್ಕದ್ದಲ್ಲವೆಂದು ಲೆಮುವೇಲನ ತಾಯಿ ಮಗನಿಗೆ ಹೇಳುವ ಕಾರಣವೂ ಅದೇ: ಕುಡಿದ ಅರಸನು ಬಡವರ ನ್ಯಾಯವನ್ನು ಮರೆತಾನು. ಪಾತ್ರೆಯಲ್ಲಿ ಏನಿದೆ ಎಂಬುದಕ್ಕಿಂತ ಅದು ಯಾರ ಪಾಲಿನಿಂದ ತುಂಬಿತು ಎಂಬುದೇ ಅವರ ಪ್ರಶ್ನೆ. ಬಟವಾಡೆಯ ದಿನ ಗಡಂಗಿನ ಹೊರಗೆ ಕುಳಿತ ಹುಡುಗನಿಗೆ ಈ ಪ್ರಶ್ನೆ ಅರ್ಥವಾಗುತ್ತದೆ.

ಸಮುವೇಲನ ಗ್ರಂಥದ ಹನ್ನಳ ಪ್ರಸಂಗವನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಮಕ್ಕಳಿಲ್ಲದ ಆ ಹೆಣ್ಣುಮಗಳು ಆಲಯದಲ್ಲಿ ತುಟಿ ಮಾತ್ರ ಅಲುಗಿಸುತ್ತ ಅಳುತ್ತ ಪ್ರಾರ್ಥಿಸುತ್ತಿದ್ದಾಗ ಯಾಜಕ ಏಲಿಯು ಆಕೆಯನ್ನು ಕುಡಿದವಳೆಂದು ಗದರಿಸಿದನು. ಆಕೆ ಮದ್ಯ ಮುಟ್ಟಿರಲಿಲ್ಲ. ಮನಸ್ಸಿನ ದುಃಖವನ್ನು ದೇವರ ಮುಂದೆ ಹೊಯ್ಯುತ್ತಿದ್ದಳು. ನಮ್ಮ ದೇವಾಲಯದ ಹಿಂದಿನ ಬೆಂಚುಗಳಲ್ಲಿ ನೂರು ವರ್ಷಗಳಲ್ಲಿ ಎಷ್ಟು ಮಂದಿ ಹನ್ನರು ಕುಳಿತಿದ್ದಾರೆಂದು ಲೆಕ್ಕವಿಟ್ಟವರಿಲ್ಲ. ಅವರಲ್ಲಿ ಹಲವರು ತಾವು ಕುಡಿದುದಕ್ಕಲ್ಲ, ಇನ್ನೊಬ್ಬರು ಕುಡಿದುದಕ್ಕಾಗಿ ಅತ್ತವರು. ನಮ್ಮ ಸ್ಮರಣ ಸಂಚಿಕೆಗಳಲ್ಲಿ ಕಟ್ಟಡ ಕಟ್ಟಿದವರ, ಗಂಟೆ ದಾನ ಕೊಟ್ಟವರ ಹೆಸರು ಬರುತ್ತದೆ. ಇವರ ಹೆಸರು ಬರುವುದಿಲ್ಲ. ಬರಬೇಕೆಂದೂ ಅವರು ಕೇಳಿದವರಲ್ಲ.

ಪೂರ್ಣವಾಗಿ ಮದ್ಯ ಬಿಟ್ಟವರಿಗೆ ಬೈಬಲ್ಲಿನಲ್ಲಿ ಗೌರವದ ಸ್ಥಾನವಿದೆ. ನಾಜೀರರು ಹರಕೆ ಹೊತ್ತು ದ್ರಾಕ್ಷಿಯ ಬೀಜವನ್ನೂ ಮುಟ್ಟುತ್ತಿರಲಿಲ್ಲ. ರೇಕಾಬನ ಮನೆತನದವರ ಮುಂದೆ ಪ್ರವಾದಿ ಯೆರೆಮೀಯನು ತುಂಬಿದ ಪಾತ್ರೆಗಳನ್ನಿಟ್ಟರೂ ಅವರು ಪೂರ್ವಿಕನ ಮಾತಿಗೆ ತಪ್ಪಲಿಲ್ಲ. ಸ್ನಾನಿಕ ಯೊವಾನ್ನರು ಹುಟ್ಟಿನಿಂದ ಹಾಗೆಯೇ ಬದುಕಿದರು. ಆದರೂ ಅದು ಎಲ್ಲರಿಗೂ ಹೇರಿದ ಕಟ್ಟಳೆಯಾಗಲಿಲ್ಲ. ಯೇಸುಸ್ವಾಮಿ ಯೊವಾನ್ನರಂತೆ ಇರಲಿಲ್ಲ. ಉಣ್ಣುತ್ತ ಕುಡಿಯುತ್ತ ಜನರೊಡನೆ ಬೆರೆತರು, ಅದಕ್ಕಾಗಿ ಹೊಟ್ಟೆಬಾಕ, ಕುಡುಕ ಎಂಬ ಅಪವಾದವನ್ನೂ ಹೊತ್ತರು. ತಂದೆಯವರು ಈ ವಾಕ್ಯವನ್ನು ಓದಿದ್ದರೆ ಅದನ್ನೂ ಬಳಸಿಕೊಳ್ಳುತ್ತಿದ್ದರೇನೋ. ಆದರೆ ಅದೇ ಪ್ರಭುವು ಕಪಾಲ ಬೆಟ್ಟದ ಮೇಲೆ, ನೋವು ಮರೆಸಲೆಂದು ರಕ್ತಬೋಳ ಬೆರೆಸಿ ಕೊಟ್ಟ ದ್ರಾಕ್ಷಾರಸವನ್ನು ಸ್ವೀಕರಿಸಲಿಲ್ಲವೆಂದು ಸಂತ ಮಾರ್ಕರು ಬರೆದಿದ್ದಾರೆ. ಸಂತೋಷದಲ್ಲಿ ಪಾಲುಗೊಂಡವರು, ನೋವನ್ನು ಮರೆಯಲು ಅದನ್ನು ಬಳಸಲಿಲ್ಲ. "ಮೈ ನೋವು ಮರೆಯಲು ಕುಡಿಯುತ್ತೇನೆ" ಎನ್ನುವ ದುಡಿಮೆಗಾರನನ್ನು ಖಂಡಿಸಲು ಇದನ್ನು ಹೇಳುತ್ತಿಲ್ಲ; ಕುಲುಮೆಯ ಮುಂದಿನ ಬೆಂಕಿ ಎಂಥದೆಂದು ನನಗೆ ಗೊತ್ತಿದೆ.

ಪ್ರೇಷಿತ ಪೌಲರ ಪತ್ರಗಳಲ್ಲಿ ತಿಮೊಥೇಯನ ಹೊಟ್ಟೆನೋವಿಗೆ ಕೊಟ್ಟ ಸಲಹೆಯನ್ನು ಎಲ್ಲರೂ ಬಲ್ಲರು. ಅಲ್ಲಿ ಸ್ವಲ್ಪ ಎಂಬ ಮಾತಿದೆ, ಕಾಯಿಲೆಯ ಮಾತೂ ಇದೆ. ಇವೆರಡನ್ನೂ ನಾವು ನುಂಗಿಬಿಡುತ್ತೇವೆ. ಈಗಿನ ವೈದ್ಯಶಾಸ್ತ್ರವಂತೂ ಆ ಔಷಧವನ್ನು ಹಿಂದಕ್ಕೆ ಪಡೆದಿದೆ: ಆರೋಗ್ಯಕ್ಕೆ ಅಪಾಯವಿಲ್ಲದ ಮದ್ಯದ ಪ್ರಮಾಣ ಎಂಬುದೇ ಇಲ್ಲವೆಂದು 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿತು. ನನ್ನ ಮಟ್ಟಿಗೆ ಹೆಚ್ಚು ತೂಕದ ಮಾತು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿದೆ. ಪ್ರಭುಭೋಜನಕ್ಕೆಂದು ಕೂಡಿಬಂದಾಗ ಉಳ್ಳವರು ತಾವು ತಂದದ್ದನ್ನು ಮೊದಲೇ ತಿಂದು ಕುಡಿದುಬಿಡುತ್ತಿದ್ದರು. ತಡವಾಗಿ ಬಂದ ಬಡವರು ಬರಿಹೊಟ್ಟೆಯಲ್ಲಿ ಉಳಿಯುತ್ತಿದ್ದರು. ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಅಮಲು. ಇಬ್ಬರೂ ಒಂದೇ ಮೇಜಿನಲ್ಲಿ. ಪೌಲರು ಇದನ್ನು ದೇವಸಭೆಗೆ ಮಾಡಿದ ಅವಮಾನವೆಂದು ಕರೆದರು. ನಮ್ಮ ಮನೆಯಲ್ಲಿಯೂ ಮೇಜು ಒಂದೇ ಆಗಿತ್ತು. ಬಟವಾಡೆಯ ರಾತ್ರಿ ಒಬ್ಬರಿಗೆ ಅಮಲು, ಐವರಿಗೆ ಗಂಜಿ.

ಧರ್ಮಸಭೆಯ ಪರಂಪರೆ ಈ ಎರಡು ಅಂಚುಗಳ ನಡುವೆಯೇ ನಡೆದು ಬಂದಿದೆ. ಆದಿಯಲ್ಲಿ ಕೆಲವು ಪಂಥದವರು ಮದ್ಯವೇ ಪಾಪವೆಂದು ಬಲಿಪೂಜೆಯಲ್ಲಿ ಬರೀ ನೀರನ್ನು ಬಳಸಿದರು. 3ನೆಯ ಶತಮಾನದಲ್ಲಿ ಕಾರ್ಥೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯಾನರು ಒಂದು ದೀರ್ಘ ಪತ್ರವನ್ನೇ ಬರೆದು ಆ ನೀರಿನ ಬಲಿಯನ್ನು ನಿರಾಕರಿಸಿದರು. ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮದಲ್ಲಿ, ಸನ್ಯಾಸಿಗಳಿಗೆ ಮದ್ಯ ಸಲ್ಲದೆಂದು ಒಪ್ಪಿಸುವುದು ಈ ಕಾಲದಲ್ಲಿ ಸಾಧ್ಯವಿಲ್ಲವೆಂದು ಹೇಳಿ, ದಿನಕ್ಕೊಂದು ಅಳತೆಯನ್ನು ಗೊತ್ತುಪಡಿಸಿದರು. ನಿಟ್ಟುಸಿರೂ ವಿವೇಕವೂ ಕೂಡಿದ ಆ ಅಧ್ಯಾಯ ನನಗೆ ಬಹಳ ಪ್ರಿಯ. 1983ರ ಧರ್ಮಸಭೆಯ ಕಾನೂನು ಸಂಹಿತೆ, ಬಲಿಪೂಜೆಯ ದ್ರಾಕ್ಷಾರಸವು ದ್ರಾಕ್ಷಿಯ ಫಲದಿಂದಲೇ ಆದುದಾಗಿ, ಸಹಜವೂ ಕೆಡದೆ ಇರುವುದೂ ಆಗಿರಬೇಕೆಂದು ವಿಧಿಸುತ್ತದೆ. ಹಾಗಿದ್ದರೂ ಮದ್ಯವ್ಯಸನದಿಂದ ಬಿಡಿಸಿಕೊಂಡ ಗುರುಗಳಿಗೆ ಏನು ಗತಿ? ರೋಮಿನ ವಿಶ್ವಾಸ ಸಿದ್ಧಾಂತ ಮಂಡಳಿಯು 2003ರಲ್ಲಿ, ಧರ್ಮಾಧ್ಯಕ್ಷರ ಅನುಮತಿಯೊಡನೆ ಅಂಥವರು ಹುಳಿತವನ್ನು ತಡೆದ 'ಮುಸ್ತುಂ' ಎಂಬ ರಸವನ್ನು ಬಳಸಬಹುದೆಂದು ಸ್ಪಷ್ಟಪಡಿಸಿತು. ಪರಮಪ್ರಸಾದದ ಅಪ್ಪವೊಂದನ್ನೇ ಸ್ವೀಕರಿಸುವ ವಿಶ್ವಾಸಿಯೂ ಕ್ರಿಸ್ತನನ್ನು ಪೂರ್ಣವಾಗಿಯೇ ಸ್ವೀಕರಿಸುತ್ತಾನೆಂಬುದು ಹಳೆಯ ಬೋಧನೆ. ದುರ್ಬಲನಾದ ಒಬ್ಬ ಸಹೋದರನಿಗಾಗಿ ಬಲಿಪೀಠದ ಮೇಲೆಯೇ ಇಷ್ಟು ಎಚ್ಚರ ವಹಿಸಿದ ಧರ್ಮಸಭೆಯ ಮಕ್ಕಳು ಊಟದ ಮೇಜಿನ ಮೇಲೆ ಎಷ್ಟು ಎಚ್ಚರ ವಹಿಸಬೇಕು?

ಕುಡಿತವು ಪಾಪವೋ ರೋಗವೋ ಎಂದು ಕೇಳುವವರಿದ್ದಾರೆ. ಅಮೆರಿಕೆಯ ವೈದ್ಯ ಸಂಘವು 1956ರಲ್ಲಿಯೇ ಮದ್ಯವ್ಯಸನವನ್ನು ರೋಗವೆಂದು ಅಂಗೀಕರಿಸಿತು. ರೋಗವೆಂದ ಮಾತ್ರಕ್ಕೆ ಮೊದಲ ಲೋಟದ ಜವಾಬ್ದಾರಿ ಕಳೆಯುವುದಿಲ್ಲ. ಪಾಪವೆಂದ ಮಾತ್ರಕ್ಕೆ ಆಸ್ಪತ್ರೆಯ ಅಗತ್ಯ ತಪ್ಪುವುದಿಲ್ಲ. ಡಬ್ಲಿನ್ನಿನ ಕೂಲಿಕಾರ ಮ್ಯಾಟ್ ಟಾಲ್ಬಟ್ ಬಾಲ್ಯದಿಂದಲೇ ಕುಡುಕನಾಗಿದ್ದು, ಇಪ್ಪತ್ತೆಂಟರ ವಯಸ್ಸಿನಲ್ಲಿ ಬಿಟ್ಟು, 1925ರಲ್ಲಿ ಸಾಯುವವರೆಗೆ ಮತ್ತೆ ಮುಟ್ಟಲಿಲ್ಲ. ಧರ್ಮಸಭೆ ಅವನನ್ನು 1975ರಲ್ಲಿ 'ಪೂಜ್ಯ' ಎಂದು ಸಾರಿತು. ಅದೇ ಊರಿನಲ್ಲಿ 1898ರಲ್ಲಿ ಯೇಸುಸಭೆಯ ಫಾದರ್ ಜೇಮ್ಸ್ ಕಲೆನ್ ಅವರು ಪವಿತ್ರ ಹೃದಯದ ಹೆಸರಿನಲ್ಲಿ ಪಯನೀರ್ ಎಂಬ ಪೂರ್ಣ ಪಾನವರ್ಜನ ಸಂಘವನ್ನು ಸ್ಥಾಪಿಸಿದರು. ಶಿವಮೊಗ್ಗೆಯ ನಮ್ಮ ಪ್ರಧ��ನಾಲಯವೂ ಪವಿತ್ರ ಹೃದಯಕ್ಕೇ ಅರ್ಪಿತವಾಗಿದೆ. 1935ರಲ್ಲಿ ಅಮೆರಿಕೆಯಲ್ಲಿ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟದವರಿಗೆ, ಬೇರೆ ಆಸ್ಪತ್ರೆಗಳು ಬಾಗಿಲು ಮುಚ್ಚಿದ್ದ ಕಾಲದಲ್ಲಿ, 1939ರಿಂದ ಹಾಸಿಗೆ ಕೊಟ್ಟು ಸಲಹಿದವರು ಏಕ್ರನ್ ಊರಿನ ಸಂತ ತೋಮಸರ ಆಸ್ಪತ್ರೆಯ ಕನ್ಯಾಸ್ತ್ರೀ ಇಗ್ನೇಷಿಯಾ.

ನಮ್ಮ ನಾಡಿನ ಕಥೆ ನಿಮಗೆಲ್ಲ ತಿಳಿದದ್ದೇ. ಪಾನನಿರೋಧಕ್ಕೆ ಯತ್ನಿಸಬೇಕೆಂದು ಸಂವಿಧಾನದ 47ನೆಯ ವಿಧಿ ಸರಕಾರಗಳಿಗೆ ಹೇಳುತ್ತದೆ. ಅಬಕಾರಿಯ ವರಮಾನ ಬೇರೆ ಮಾತು ಹೇಳುತ್ತದೆ. 2007ರ ಜುಲೈ ಒಂದರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಪ್ಯಾಕೆಟ್ಟು ಹೋಯಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ ಬಂದಿತು. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಪಾನನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದರು. ನಮ್ಮ ಊರಿನ ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಧರಣಿ ಕುಳಿತರು. ಒಂದು ಕಾಲದಲ್ಲಿ ಬಟವಾಡೆಯ ಹಣ ಕೈಗೆ ಬಂದುದಕ್ಕೆ ಕುಡಿಯುತ್ತಿದ್ದರು. ಈಗ ಬಾರದುದಕ್ಕೆ ಕುಡಿಯುವವರಿದ್ದಾರೆ.

ಸರಕಾರದ ಕೆಲಸವನ್ನು ಸರಕಾರಕ್ಕೆ ಬಿಟ್ಟು ನಮ್ಮ ಕೈಯಲ್ಲಿರುವುದನ್ನು ನೋಡೋಣ. ನನ್ನ ತಂದೆಯವರು ಒಮ್ಮೆ, ತಪಸ್ಸುಕಾಲದ ಧ್ಯಾನಕೂಟವೊಂದರ ಅನಂತರ, ಕುಡಿತ ಬಿಟ್ಟರು. ಹನ್ನೊಂದು ತಿಂಗಳು. ಆ ಹನ್ನೊಂದು ತಿಂಗಳಲ್ಲಿ ಕಿರಾಣಿ ಅಂಗಡಿಯ ಸಾಲ ತೀರಿತು, ತಂಗಿಗೆ ಬೆಳ್ಳಿಯ ಗೆಜ್ಜೆ ಬಂತು, ನನಗೆ ಹೊಸ ಚಪ್ಪಲಿ ಬಂತು. ಮುಂದೆ ನೆಂಟರೊಬ್ಬರ ಮನೆಯ ನಿಶ್ಚಿತಾರ್ಥದಲ್ಲಿ, ಎಲ್ಲರೂ ಲೋಟವೆತ್ತಿ ಶುಭ ಹಾರೈಸುವಾಗ ಇವರ ಕೈ ಬರಿದಾಗಿತ್ತು. ಮನೆಯ ಯಜಮಾನರು ಒಳ್ಳೆಯವರು, ದೈವಭಕ್ತರು. ಪ್ರೀತಿಯಿಂದಲೇ ತಂದೆಯವರ ಕೈಗೆ ಲೋಟ ಕೊಟ್ಟು, "ಒಂದೇ ಒಂದು ಗುಟುಕು ಭಾವ, ಇಲ್ಲದಿದ್ದರೆ ಅಪಶಕುನವಾದೀತು" ಎಂದರು. ಅವರನ್ನು ನಾನು ಇಂದಿಗೂ ದೂರುವುದಿಲ್ಲ. ಆ ರಾತ್ರಿ ತಂದೆಯವರು ಮನೆಗೆ ಬರಲಿಲ್ಲ. ಆಮೇಲೆ ಬಿಡಲೂ ಇಲ್ಲ. ಸಹೋದರನಿಗೆ ಎಡವುಗಲ್ಲಾಗುವುದಾದರೆ ಮಾಂಸವನ್ನಾಗಲಿ ದ್ರಾಕ್ಷಾರಸವನ್ನಾಗಲಿ ಮುಟ್ಟದಿರುವುದೇ ಲೇಸೆಂದು ಸಂತ ಪೌಲರು ರೋಮಿನವರಿಗೆ ಬರೆದುದನ್ನು ಮೊದಲ ಸಲ ಓದಿದಾಗ ನನ್ನ ಕಣ್ಣಿಗೆ ಕಂಡದ್ದು ಆ ಲೋಟ.

ಈಗ ಕಾನಾ ಊರಿಗೆ ಹಿಂದಿರುಗುತ್ತೇನೆ. ಆರು ಕಲ್ಲಿನ ಬಾನಿಗಳು. ಇಂದಿನ ಲೆಕ್ಕದಲ್ಲಿ ಒಂದೊಂದಕ್ಕೆ ಸುಮಾರು 80ರಿಂದ 120 ಲೀಟರು ಹಿಡಿಸುತ್ತಿತ್ತು. ಒಟ್ಟು 480 ಲೀಟರಿಗೆ ಕಡಿಮೆಯೇನಲ್ಲ. ಅತಿಥಿಗಳು ಸಾಕಷ್ಟು ಕುಡಿದ ಮೇಲೆ ಕೀಳು ರಸವನ್ನು ಬಡಿಸುವ ಲೋಕರೂಢಿಯ ಬಗ್ಗೆ ಮೇಲ್ವಿಚಾರಕನು ಆಡಿದ ಮಾತೂ ಅಲ್ಲಿದೆ. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಆ ಮದುವೆ ಮನೆಯಲ್ಲಿ ಕೊರತೆಯನ್ನು ಮೊದಲು ಕಂಡವರು ಯಾರು? ಒಬ್ಬ ತಾಯಿ. ತಮಗೆ ಬೇಕೆಂದು ಮರಿಯಮ್ಮನವರು ಕೇಳಲಿಲ್ಲ. ಅವರಲ್ಲಿ ಇಲ್ಲವೆಂದು ಹೇಳಿದರು. ಬಡ ಮದುಮಕ್ಕಳು ಊರ ಮುಂದೆ ನಗೆಪಾಟಲಾಗದಿರಲೆಂದು ಮಗನ ಕಿವಿಗೆ ಹಾಕಿದರು. ಇಲ್ಲದ ಮನೆಗೆ ಇಟ್ಟ ಅದ್ಭುತ ಅದು. ನಮ್ಮ ಮನೆಯಲ್ಲಿ ಇಲ್ಲದಿದ್ದುದು ಅಕ್ಕಿ. ಮೂಲೆಯಲ್ಲಿ ಜಪಸರ ಹಿಡಿದು ಕುಳಿತ ನನ್ನ ತಾಯಿಯವರು ಮಾಡುತ್ತಿದ್ದುದೂ ಅದನ್ನೇ: ಇಲ್ಲವೆಂಬುದನ್ನು ಹೇಳುವುದು. ಅವರಿಗೆ ಉತ್ತರ ಗೊತ್ತಿರಲಿಲ್ಲವೆಂದು ನಾನು ಇಷ್ಟು ಕಾಲ ತಪ್ಪು ತಿಳಿದಿದ್ದೆ.

ಸಮಿತಿಯವರಲ್ಲಿ ಒಂದು ಬಿನ್ನಹವಿದೆ. ಮಹೋತ್ಸವದ ದಿನದ ಭೋಜನದಲ್ಲಿ ಗಣ್ಯರ ಮೇಜಿಗೆ ಪ್ರತ್ಯೇಕವಾಗಿ ಸೀಸೆಗಳನ್ನಿಡುವ ಏರ್ಪಾಡಿದೆಯೆಂದು ಕೇಳಿದ್ದೇನೆ. ಅದು ಪಾಪವೆಂದು ನಾನು ಹೇಳಲಾರೆ. ಹಾಗೆ ಹೇಳಲು ಪವಿತ್ರ ಗ್ರಂಥ ನನಗೆ ಅಧಿಕಾರ ಕೊಟ್ಟಿಲ್ಲವೆಂಬುದನ್ನೇ ಇಷ್ಟು ಹೊತ್ತು ವಿವರಿಸಿದ್ದೇನೆ. ಆದರೆ ಅದೇ ಪಂಕ್ತಿಯಲ್ಲಿ ಮೂರು ತಿಂಗಳಿಂದಲೋ ಮೂರು ವರ್ಷಗಳಿಂದಲೋ ಬಿಟ್ಟು ಬದುಕಿರುವ ನಮ್ಮವರು ಕೆಲವರು ಕುಳಿತಿರುತ್ತಾರೆ. ಅವರು ಯಾರೆಂದು ನಿಮಗೂ ಗೊತ್ತು, ನನಗೂ ಗೊತ್ತು. ಅಂದು ಎಲ್ಲರಿಗೂ ಪಾನಕವನ್ನೇ ಕೊಡೋಣವೆಂದು ಕೇಳಿಕೊಳ್ಳುತ್ತೇನೆ. ಜೊತೆಗೆ, ಈ ಸಭಾಭವನದ ಹಿಂದಿನ ಚಿಕ್ಕ ಕೋಣೆಯನ್ನು ವಾರಕ್ಕೊಂದು ಸಂಜೆ ಕುಡಿತ ಬಿಡಬಯಸುವವರ ಕೂಟಕ್ಕೆ, ಜಾತಿ ಮತ ನೋಡದೆ, ಬಿಟ್ಟುಕೊಡಬೇಕು. ಬೀಗದ ಕೈ ನನ್ನ ಬಳಿ ಇರಲಿ. ಬಾಗಿಲು ತೆರೆದು ದೀಪ ಹಾಕುವ ಕೆಲಸವನ್ನು ನಾನೇ ಮಾಡುತ್ತೇನೆ. ಪಾಲನಾ ಪರಿಷತ್ತಿನ ಸಭೆ ಬರುವ ಭಾನುವಾರ ಎರಡನೆಯ ಬಲಿಪೂಜೆಯ ನಂತರ ಸೇರುತ್ತದೆಂದು ಗುರುಗಳು ತಿಳಿಸಿದ್ದಾರೆ.